ಒಂದು ಓಣಿ, ಎರಡು ಅರ್ಜಿ

ಕಲಬುರಗಿಯ ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆಗಳಿವೆ. ಆರು ಮುಸಲ್ಮಾನರವು, ಎಂಟು ನಮ್ಮ ಕಡೆಯವರವು. ಈ ಲೆಕ್ಕ ನನಗೆ ಗೊತ್ತಾದದ್ದು ಹಿಂದಿನ ಲೋಕಸಭಾ ಚುನಾವಣೆಯ ಬೇಸಿಗೆಯಲ್ಲಿ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅದೇ ಓಣಿಯಲ್ಲಿ ಬಾಳುವೆ ಮಾಡಿದ್ದೆ, ಎಣಿಸುವ ಪ್ರಸಂಗ ಬಂದಿರಲಿಲ್ಲ. ಉರುಸು ಬಂದರೆ ರೋಜಾದ ದರ್ಗಾ ಕಡೆ ಹೋಗಲು ದಾರಿ ಕೇಳುವವರಿಗೆ ಎಲ್ಲರೂ ದಾರಿ ತೋರಿಸುತ್ತಿದ್ದೆವು, ಶ್ರಾವಣ ಬಂದರೆ ಶರಣಬಸವೇಶ್ವರ ಗುಡಿಯ ಪ್ರಸಾದ ಹದಿನಾಲ್ಕು ಮನೆಗೂ ಹೋಗುತ್ತಿತ್ತು. ಎಣಿಸುವುದನ್ನು ಕಲಿಸಿದವರು ನಮ್ಮ ಓಣಿಯ ಗಂಡಸರು, ಅದೂ ಒಂದು ಕಬ್ಬಿಣದ ಬೆಂಚಿನ ಮೇಲೆ ಕೂತು.

ಆ ಬೆಂಚು ಮಾಡಿದವರು ಪಕ್ಕದ ಮನೆಯ ಮಿಸ್ತ್ರಿ. ಕಪನೂರಿನಲ್ಲಿ ಅವರದೊಂದು ಸಣ್ಣ ವೆಲ್ಡಿಂಗ್ ಶೆಡ್ಡು ಇದೆ. ಕಿಟಕಿಯ ಸರಳು, ಗೇಟು, ನೀರಿನ ಟಾಕಿಯ ಮುಚ್ಚಳ ಮಾಡುತ್ತಾರೆ. ಉಳಿದ ತುಂಡುಗಳನ್ನೆಲ್ಲ ಜೋಡಿಸಿ, ಏಳು ಜನ ಕೂರುವಷ್ಟು ಉದ್ದದ ಬೆಂಚು ಮಾಡಿ, ಓಣಿಯ ಬೇವಿನ ಮರದ ಕೆಳಗೆ ತಂದು ಹಾಕಿದ್ದರು. ಸಂಜೆ ಐದಾದರೆ ಗಂಡಸರೆಲ್ಲ ಅಲ್ಲಿ ಹಾಜರು, ಜಾಗ ಸಿಗದವರು ಮರದ ಬುಡದಲ್ಲಿ. ಒಬ್ಬರು ಪೇಪರ್ ಓದುವುದು, ಉಳಿದವರು ನಡುವೆ ಬಾಯಿ ಹಾಕುವುದು. ನನ್ನ ಗಂಡ ಆ ಸಭೆಯ ಖಾಯಂ ಸದಸ್ಯರು. ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದು ನಿವೃತ್ತರಾದವರು, ಮನೆಯಲ್ಲಿ ಚಹಾದ ಕಪ್ಪು ಎಲ್ಲಿದೆ ಎಂದು ಕೇಳಿದರೆ ತಿಳಿಯದು, ಪಾರ್ಲಿಮೆಂಟಿನಲ್ಲಿ ಯಾವ ಮಂತ್ರಿ ಎಲ್ಲಿ ಕೂರುತ್ತಾನೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದರು.

ಗ್ಯಾಸಿನ ದರ, ದೂರದ ದೇಶದ ಯುದ್ಧ, ದಿಲ್ಲಿಯ ಹೊಸ ಕಾನೂನು, ಯಾರು ಕಳ್ಳ, ಯಾರು ಮಹಾ ಕಳ್ಳ, ಎಲ್ಲವೂ ಅಲ್ಲೇ ತೀರ್ಮಾನವಾಗುತ್ತಿತ್ತು. ನಮ್ಮ ಭಾಗಕ್ಕೆ ಹೊಸ ಹೆಸರು ಇಟ್ಟಾಗ ಮೂರು ಸಂಜೆ ಅದೇ ಚರ್ಚೆ. ಹೆಸರು ಬದಲಾಯಿತು, ನಳ ಬದಲಾಗಲಿಲ್ಲ ಎಂದು ನಾನು ಅಡುಗೆಮನೆಯ ಕಿಟಕಿಯಿಂದಲೇ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಳದ ವಿಚಾರ ಹೆಂಗಸರದು ಎಂಬುದು ಬೆಂಚಿನ ಅಭಿಪ್ರಾಯವಾಗಿತ್ತು.

ನಳದಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ, ಕೆಲವೊಮ್ಮೆ ವಾರಕ್ಕೊಮ್ಮೆ ಬರುತ್ತಿತ್ತು, ಹೊತ್ತುಗೊತ್ತು ಇರಲಿಲ್ಲ. ಬಂದಾಗ ಎದ್ದು ಹಿಡಿಯದಿದ್ದರೆ ಮತ್ತೆ ವಾರ ಕಾಯಬೇಕು. ನಮ್ಮ ಮನೆಗೂ ಮಿಸ್ತ್ರಿ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹಾಗಾಗಿ ಮಿಸ್ತ್ರಿಯ ಹೆಂಡತಿ, ಓಣಿಯವರೆಲ್ಲ ಭಾಭಿ ಎಂದು ಕರೆಯುವಾಕೆ, ಮತ್ತು ನಾನು ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಮೊದಲು ನೀರು ಕಂಡವರು ಕಬ್ಬಿಣದ ಕುಟ್ಟಾಣಿಯಿಂದ ಗೋಡೆಗೆ ಮೂರು ಸಲ ಬಡಿಯಬೇಕು. ಆ ಕಡೆಯವರು ತಿರುಗಿ ಒಂದು ಸಲ ಬಡಿದರೆ ಗೊತ್ತಾಯಿತು ಎಂದು ಅರ್ಥ. ರಾಡಿ ನೀರೋ ವಾಸನೆಯ ನೀರೋ ಬಂದರೆ ಬಿಡದೆ ಬಡಿಯಬೇಕು, ಆಗ ಹಿಡಿದಿಟ್ಟದ್ದನ್ನೂ ಚೆಲ್ಲಬೇಕು. ಇಪ್ಪತ್ತು ವರ್ಷ ಹೀಗೆ ಬಡಿದು ಬಡಿದು ಗೋಡೆಯ ಎರಡೂ ಕಡೆ ಅಂಗೈಯಗಲ ಗಿಲಾವು ಉದುರಿತ್ತು. ಮಿಸ್ತ್ರಿ ಸಿಮೆಂಟು ಮೆತ್ತಲು ಬಂದರೆ ಭಾಭಿ ಬಿಡುತ್ತಿರಲಿಲ್ಲ, ಹೊಸ ಗಿಲಾವಿಗೆ ಬಡಿದರೆ ಸಪ್ಪಳ ಬರುವುದಿಲ್ಲ ಎನ್ನುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಜೆ ನಾನು ರೊಟ್ಟಿ ಬಡಿಯುವಾಗ ಆ ಹುಡುಗಿ ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪಾಠ ಒಪ್ಪಿಸುತ್ತಿದ್ದಳು. ಮೊದಮೊದಲು ಅವಳ ಕನ್ನಡದಲ್ಲಿ ಅರ್ಧ ದಖನಿ ನುಸುಳುತ್ತಿತ್ತು. ಹತ್ತನೇ ಇಯತ್ತೆಗೆ ಬರುವಷ್ಟರಲ್ಲಿ ನನ್ನ ಶಾಲೆಯ ಮಕ್ಕಳಿಗಿಂತ ಚಂದ ಬರೆಯುತ್ತಿದ್ದಳು. ಓಣಿಯ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಆಗಬೇಕಿತ್ತು, ರೇಷನ್ ಕಾರ್ಡು, ಕರೆಂಟಿನ ಕಂಬ, ಬೀದಿ ನಾಯಿ, ಎಲ್ಲಕ್ಕೂ. ನಾನು ಹೇಳುತ್ತಾ ಹೋದರೆ ಅವಳು ಬರೆಯುತ್ತಿದ್ದಳು. ಇಂದ, ಇವರಿಗೆ, ವಿಷಯ. ವಿಷಯದ ಕೆಳಗೆ ಒಂದು ಗೆರೆ ಎಳೆಯಬೇಕು, ಬೇಡಿಕೆ ಒಂದೇ ಇರಬೇಕು, ಅಳಬಾರದು, ಬೈಯಬಾರದು. ಇದು ನನ್ನ ಪಾಠ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ತರುತ್ತಿದ್ದೆ. ಒಂದು ಡಜನ್ನಿನಲ್ಲಿ ಅವಳ ಪಾಲು ಆರು. ಅವಳನ್ನು ಹುಮನಾಬಾದಿಗೆ ಕೊಟ್ಟ ಮೇಲೂ ತವರಿಗೆ ಬರುವಾಗ ನನ್ನ ಬಸ್ಸೇ ಹಿಡಿಯುವಂತೆ ಹೊರಡುತ್ತಿದ್ದಳು. ಕಮಲಾಪುರದಲ್ಲಿ ನಾನು ಹತ್ತುವಷ್ಟರಲ್ಲಿ ಬುರ್ಖಾದ ಕೈಯೊಂದು ಪಕ್ಕದ ಸೀಟಿನ ಮೇಲೆ ಇರುತ್ತಿತ್ತು, ಬೇರೆ ಯಾರೂ ಕೂರದಂತೆ. ನನಗೆ ಮಕ್ಕಳಿಲ್ಲ. ಇಷ್ಟು ಹೇಳಿದರೆ ಸಾಕು.

ಆ ಚುನಾವಣೆಯ ಬೇಸಿಗೆಯಲ್ಲಿ ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ಭಾಷಣ. ನನ್ನ ಗಂಡನ ಫೋನಿಗೆ ಬರುವ ಭಾಷಣ ಮಿಸ್ತ್ರಿಯ ಫೋನಿಗೆ ಬರುತ್ತಿರಲಿಲ್ಲ, ಅವರದು ಇವರಿಗೆ ಬರುತ್ತಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಫೋನು ಹೇಳಿದ್ದನ್ನು ಬೆಂಚಿಗೆ ತಂದು ಒಪ್ಪಿಸುತ್ತಿದ್ದರು. ಮೊದಲು ನಗೆಯಲ್ಲಿ ಮುಗಿಯುತ್ತಿದ್ದ ಮಾತು ಬರಬರುತ್ತ ಜಗಳದ ದನಿಗೇರಿತು. ಒಂದು ಸಂಜೆ, ಮತದಾನಕ್ಕೆ ನಾಲ್ಕೈದು ದಿನ ಇರುವಾಗ, ದಿಲ್ಲಿಯಲ್ಲಿ ಯಾರು ಕೂರಬೇಕು ಎಂದು ವಾದ ಹತ್ತಿತು. ಮಿಸ್ತ್ರಿ ತಮ್ಮ ಕಡೆಯ ಪಕ್ಷದ ಪರವಾಗಿ ಏನೋ ಅಂದರು. ನನ್ನ ಗಂಡ ಪೇಪರ್ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು:

"ನಿಮ್ಮವರು ಯಾರಿಗಿ ಹಾಕ್ತಾರಂತ ಮೊದಲೇ ಗೊತ್ತದ ಬಿಡ್ರಿ. ನಿಮ್ಮ ಜೋಡಿ ವಾದ ಮಾಡಿ ಏನು ಉಪಯೋಗ."

ಮಿಸ್ತ್ರಿ ಕೇಳಿದರು. "ಇಪ್ಪತ್ತು ವರ್ಷ ಒಂದೇ ಬೆಂಚಿನ ಮ್ಯಾಲ ಕುಂತೀವಿ. ಇವತ್ತ ನಾ ನಿಮ್ಮವರು ಆದೇನ್ರಿ?"

ನನ್ನ ಗಂಡನಿಗೆ ತಪ್ಪು ಆಗಲೇ ಗೊತ್ತಾಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಅಷ್ಟು ಜನರ ನಡುವೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಗಂಡಸು ನಮ್ಮ ಓಣಿಯಲ್ಲಿ ಹುಟ್ಟಿಲ್ಲ. ಮರುದಿನ ಇವರು ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಒಯ್ದು ಬೆಂಚಿನಿಂದ ನಾಲ್ಕು ಮಾರು ದೂರ ಹಾಕಿಕೊಂಡರು. ವಾರದೊಳಗೆ ಅಲ್ಲಿ ಎಂಟು ಕುರ್ಚಿಗಳಾದವು. ಬೆಂಚಿನ ಮೇಲೆ ಆರು ಜನ ಉಳಿದರು. ನಾನು ಎಣಿಸಿದ್ದು ಆಗ.

ಇದೇ ಹೊತ್ತಿಗೆ ಪೈಪಿನ ವಿಚಾರ ಬಂತು. ನಮ್ಮ ಓಣಿಯ ಕುಡಿಯುವ ನೀರಿನ ಪೈಪು ಗಟಾರದ ಒಳಗೇ ಹಾದುಹೋಗುತ್ತಿತ್ತು. ಯಾವ ಕಾಲದಲ್ಲಿ ಯಾರು ಹಾಗೆ ಹಾಕಿದರೋ, ಮೇಲೆ ಹೊಲಸು ನೀರು, ಕೆಳಗೆ ತುಕ್ಕು ಹಿಡಿದ ಪೈಪು. ಕಾರ್ಪೊರೇಷನ್ನಿನಿಂದ ಇಂಜಿನಿಯರೊಬ್ಬ ಬಂದು ನೋಡಿ, ಪೈಪು ಗಟಾರದಿಂದ ಎತ್ತಿ ಬೇರೆ ಕಡೆ ಹಾಕಬೇಕು, ಇಲ್ಲದಿದ್ದರೆ ಒಂದು ದಿನ ಎರಡೂ ಕೂಡುತ್ತವೆ ಎಂದು ಎಚ್ಚರಿಸಿದ. ರಸ್ತೆ ಅಗೆಯಬೇಕು, ಎಲ್ಲರ ಮನೆಯ ಮೆಟ್ಟಿಲು ಸ್ವಲ್ಪ ಸ್ವಲ್ಪ ಒಡೆಯಬೇಕು. ಆದ್ದರಿಂದ ಹದಿನಾಲ್ಕು ಮನೆಯವರೂ ಸಹಿ ಹಾಕಿ ಒಂದು ಅರ್ಜಿ ಕೊಡಿ, ಕೆಲಸ ಶುರು ಮಾಡಿಸುತ್ತೇನೆ ಎಂದ.

ಒಂದು ಅರ್ಜಿ. ಎಷ್ಟು ಹೊತ್ತಿನ ಕೆಲಸ ಅದು? ನನಗೆ ಕಾಲು ಗಂಟೆ.

ಆದರೆ ಪ್ಲಾಸ್ಟಿಕ್ ಕುರ್ಚಿಗಳ ಸಭೆಯಲ್ಲಿ ತೀರ್ಮಾನವಾದದ್ದು ಏನೆಂದರೆ, ಈ ಕೆಲಸ ದಿಲ್ಲಿಯ ಅನುದಾನದಲ್ಲೇ ಆಗಬೇಕು, ದಿಲ್ಲಿಯವರ ಕಡೆಯ ಮುಖಂಡನನ್ನೇ ಕರೆಸಿ ಗುದ್ದಲಿ ಪೂಜೆ ಮಾಡಿಸಬೇಕು. ಬೆಂಚಿನ ಸಭೆಯಲ್ಲಿ ತೀರ್ಮಾನವಾದದ್ದು, ಬೆಂಗಳೂರಿನ ಅನುದಾನದಲ್ಲೇ ಆಗಬೇಕು, ಆ ಕಡೆಯ ಮುಖಂಡನ ಹೆಸರೇ ಕಲ್ಲಿನ ಮೇಲೆ ಬರಬೇಕು. ಗಟಾರದಲ್ಲಿ ಮಲಗಿದ್ದ ಪೈಪಿಗೆ ದಿಲ್ಲಿಯೂ ಗೊತ್ತಿರಲಿಲ್ಲ, ಬೆಂಗಳೂರೂ ಗೊತ್ತಿರಲಿಲ್ಲ. ಇದನ್ನು ನಾನು ಈಗ ಬುದ್ಧಿವಂತೆಯಂತೆ ಬರೆಯುತ್ತಿದ್ದೇನೆ. ಆಗ ನನ್ನ ಗಂಡ ಬಂದು ಬರೆದುಕೊಡು ಎಂದಾಗ ನಾನೇ ಕೂತು ಬರೆದುಕೊಟ್ಟೆ. ಬೇಡಿಕೆ ಒಂದೇ ಇರಬೇಕು ಎನ್ನುವ ನನ್ನದೇ ಪಾಠವನ್ನು ಮುರಿದು, ಪೈಪಿನ ಜೊತೆಗೆ ಅನುದಾನ ಯಾವುದಾಗಬೇಕು ಎನ್ನುವುದನ್ನೂ ಸೇರಿಸಿದೆ. ಎಂಟು ಸಹಿಗಳಾದವು.

ತಿಂಗಳ ನಂತರ ಕಾರ್ಪೊರೇಷನ್ನಿನಿಂದ ನನ್ನ ಗಂಡ ವಾಪಸ್ ಬಂದಾಗ ಕೈಯಲ್ಲಿ ಎರಡು ಅರ್ಜಿಗಳ ಝೆರಾಕ್ಸ್ ಇದ್ದವು, ಒಂದೇ ಪಿನ್ನಿಗೆ ಚುಚ್ಚಿ ಹಿಂದಿರುಗಿಸಿದ್ದರು. ಒಂದೇ ಕೆಲಸಕ್ಕೆ ಎರಡು ಅನುದಾನ ಕೇಳಲು ಬರುವುದಿಲ್ಲ, ನಿವಾಸಿಗಳು ಒಮ್ಮತಕ್ಕೆ ಬಂದು ಒಂದೇ ಅರ್ಜಿ ಸಲ್ಲಿಸುವುದು ಎಂದು ಮೇಲೆ ಕೆಂಪು ಇಂಕಿನಲ್ಲಿ ಷರಾ. ಅಲ್ಲಿನ ಗುಮಾಸ್ತ ನಕ್ಕು, ಎರಡೂ ಒಬ್ಬರೇ ಬರೆದಿದ್ದೇನು ಎಂದು ಕೇಳಿದನಂತೆ. ನಾನು ಎರಡನೆಯದನ್ನು ನೋಡಿದೆ. ವಿಷಯದ ಕೆಳಗೆ ಒಂದು ಗೆರೆ. ನಾನು ಕಲಿಸಿದ ಅದೇ ಮೊದಲ ಸಾಲು, ಅದೇ ಕೊನೆಯ ಸಾಲು. ದುಂಡನೆಯ ಅಕ್ಷರ. ಮಿಸ್ತ್ರಿಯ ಮಗಳು ಏಳು ತಿಂಗಳ ಬಸುರಿಯಾಗಿ ಹೆರಿಗೆಗೆ ತವರಿಗೆ ಬಂದಿದ್ದಳು. ಅಪ್ಪನ ಕಡೆಯ ಅರ್ಜಿಯನ್ನು ಅವಳೇ ಬರೆದುಕೊಟ್ಟಿದ್ದಳು.

ನನಗೆ ಸಿಟ್ಟು ಬಂತು. ಅವಳು ಮಾಡಿದ್ದು ನಾನು ಮಾಡಿದ್ದನ್ನೇ, ಅಪ್ಪ ಕೇಳಿದ, ಮಗಳು ಬರೆದಳು. ಆದರೂ ನನ್ನ ಹೊಸ್ತಿಲಲ್ಲಿ ಕೂತು ಕಲಿತ ಅಕ್ಷರದಿಂದ ನನ್ನ ವಿರುದ್ಧವೇ ಬರೆದಳಲ್ಲ ಎಂದು ಒಳಗೆ ಉರಿಯಿತು. ಒಂದು ಮಾತು ಬಂದು ಕೇಳಬಾರದಿತ್ತೇ ಅಂದುಕೊಂಡೆ. ನಾನೂ ಹೋಗಿ ಕೇಳಿರಲಿಲ್ಲ ಎನ್ನುವುದು ತಲೆಗೆ ಬರಲಿಲ್ಲ. ಅದು ಸಣ್ಣತನ, ಬೇರೆ ಹೆಸರಿಲ್ಲ ಅದಕ್ಕೆ. ಆ ಶನಿವಾರದಿಂದ ಬಾಳೆಹಣ್ಣು ತರುವುದನ್ನು ಬಿಟ್ಟೆ. ನೀರು ಬಂದಾಗ ಭಾಭಿ ಮಾತ್ರ ಗೋಡೆ ಬಡಿಯುವುದನ್ನು ನಿಲ್ಲಿಸಲಿಲ್ಲ. ಗಂಡಸರು ಮುಖ ತಿರುಗಿಸಿಕೊಂಡು ಓಡಾಡಿದ ಆ ದಿನಗಳಲ್ಲೂ ಮೂರು ಸಲ ಬಡಿಯುತ್ತಿದ್ದಳು. ತಿರುಗಿ ಬಡಿಯುವುದನ್ನು ನಿಲ್ಲಿಸಿದವಳು ನಾನು.

ಮೊದಲ ಮಳೆಗಳು ಬಿದ್ದವು. ಗಟಾರ ತುಂಬಿ ಹರಿಯಿತು. ಒಂದು ಬೆಳಿಗ್ಗೆ ಐದೂವರೆಗೆ ನಳ ತಿರುಗಿಸಿದೆ. ಕೊಡದೊಳಗೆ ಬಿದ್ದ ನೀರು ನೋಡಲು ತಿಳಿಯಾಗಿಯೇ ಇತ್ತು, ಆದರೆ ಬಗ್ಗಿದ ಕೂಡಲೇ ಗಟಾರದ ವಾಸನೆ ಮೂಗಿಗೆ ಹೊಡೆಯಿತು. ಇಂಜಿನಿಯರ್ ಹೇಳಿದಂತೆ ಎರಡೂ ಕೂಡಿದ್ದವು. ಇಪ್ಪತ್ತು ವರ್ಷದ ರೂಢಿ, ಕೈ ತಾನಾಗಿಯೇ ಕುಟ್ಟಾಣಿ ಎತ್ತಿಕೊಂಡಿತು. ಗೋಡೆಯ ಹತ್ತಿರ ಹೋದೆ. ಗಿಲಾವು ಉದುರಿದ ಜಾಗದ ಮುಂದೆ ನಿಂತೆ. ಆಮೇಲೆ ಕುಟ್ಟಾಣಿಯನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟೆ.

ಕೊಡ ಚೆಲ್ಲಿ ಬಂದಾಗ ನನ್ನ ಗಂಡ ಕೇಳಿದರು, ಆ ಕಡೆ ಹೇಳಿದ್ಯಾ ಎಂದು. "ಅವರಿಗಿ ಮೂಗಿಲ್ಲೇನು?" ಅಂದೆ. ಅವರು ಕುರ್ಚಿಗಳ ಕಡೆಯ ಮನೆಗಳಿಗೆ ಫೋನು ಹಚ್ಚಿ ಹೇಳಿದರು. ಬೆಂಚಿನ ಕಡೆಗೆ ಯಾರೂ ಹೇಳಲಿಲ್ಲ. ಒಬ್ಬೊಬ್ಬರೂ ಇನ್ನೊಬ್ಬರು ಹೇಳಿರಬೇಕು ಅಂದುಕೊಂಡರು ಎಂದು ಆಮೇಲೆ ಎಲ್ಲರೂ ಹೇಳಿದರು. ನಾನು ಹಾಗೆ ಅಂದುಕೊಂಡಿರಲಿಲ್ಲ. ನಾನು ಹೇಳಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಓಣಿಯ ತುದಿಯ ಶುದ್ಧ ನೀರಿನ ಘಟಕ ಕೆಟ್ಟು ಬಂದ್ ಆಗಿತ್ತು. ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಅಂಥದೇ ಒಂದು ಇತ್ತು, ನಾಣ್ಯ ಹಾಕಿದರೆ ನೀರು ಬೀಳುವಂಥದು. ಶಾಲೆ ಬಿಟ್ಟ ಮೇಲೆ ಐದು ಲೀಟರಿನ ಎರಡು ಕ್ಯಾನು ತುಂಬಿ, ಪರೀಕ್ಷೆಯ ಪುಸ್ತಕ ತರುವ ದೊಡ್ಡ ಬಟ್ಟೆಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಎರಡು ಜನರ ಮನೆಗೆ ಸಾಕಾಗುತ್ತಿತ್ತು. ಕ್ಯಾನನ್ನು ಕೈಯಲ್ಲಿ ಹಿಡಿದು ತರಬಹುದಿತ್ತು. ಚೀಲದಲ್ಲಿ ಮುಚ್ಚಿ ಏಕೆ ತರುತ್ತಿದ್ದೆ ಎಂದು ನನ್ನನ್ನು ನಾನು ಆಗ ಕೇಳಿಕೊಳ್ಳಲಿಲ್ಲ.

ಒಂದು ಸಂಜೆ ಬಸ್ಸಿಳಿದು ಬರುವಾಗ ಹುಡುಗಿ ಅವರ ಗೇಟಿನಲ್ಲಿ ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಮಡಚಿದ ಒಂದು ಕಾಗದ. ನನ್ನನ್ನು ನೋಡಿ ಮೊದಲಿನಂತೆಯೇ ನಕ್ಕಳು. ಇಷ್ಟು ದಿನ ನಾನು ಮಾತಾಡಿಸಿಲ್ಲ ಎನ್ನುವುದು ನಡೆದೇ ಇಲ್ಲವೇನೋ ಅನ್ನುವಂತೆ, ನನ್ನ ಚೀಲ ನೋಡಿ ಕೇಳಿದಳು:

"ಮಿಸ್, ಬಾಳೆಹಣ್ಣು ತಂದೀರೇನ್ರಿ?"

"ಪುಸ್ತಕ ಅದಾವ," ಅಂದೆ. ನಿಲ್ಲದೆ ಒಳಗೆ ಹೋದೆ.

ಕೈಯಲ್ಲಿ ಕಾಗದ ಹಿಡಿದುಕೊಂಡು ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದಳು, ಕಂಡಿತ್ತು ನನಗೆ. ಅದೇ ಕೊನೆ. ನಡೆದಾಡುವ ಅವಳನ್ನು ಮತ್ತೆ ನಾನು ನೋಡಲಿಲ್ಲ.

ಮೂರು ವಾರದ ನಂತರ ಬೆಂಚಿನ ಕಡೆಯ ಮನೆಗಳಲ್ಲಿ ಒಬ್ಬೊಬ್ಬರೇ ಮಲಗತೊಡಗಿದರು. ವಾಂತಿ, ಸುಸ್ತು, ಹಳದಿ ಕಣ್ಣು. ಕಾಮಾಲೆ. ಮೂರು ಜನ ಹದಿನೈದು ದಿನ ಮಲಗಿ ಎದ್ದರು. ಮಿಸ್ತ್ರಿಯ ಮಗಳಿಗೂ ಬಂತು. ಊಟ ಸೇರುತ್ತಿಲ್ಲ ಎಂದಾಗ ಬಸುರಿನಲ್ಲಿ ಹೀಗೇ ಎಂದುಕೊಂಡರು. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಒಯ್ದರು. ಹೊಲಸು ನೀರಿನಿಂದ ಬರುವ ಕಾಮಾಲೆ ಇದು, ಬೇರೆಯವರಿಗೆ ಬಂದು ಹೋಗುತ್ತದೆ, ತುಂಬಿದ ಬಸುರಿಗೆ ಬಂದರೆ ಕೈಗೆ ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಆ ಮಾತನ್ನು ನನ್ನ ಗಂಡ ಆಸ್ಪತ್ರೆಯಿಂದ ಕೇಳಿಕೊಂಡು ಬಂದು ನನಗೆ ಹೇಳಿದರು. ಹೌದು, ಅವರು ಹೋಗಿದ್ದರು. ಸುದ್ದಿ ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿ ಹೋದವರು, ಮಿಸ್ತ್ರಿಯ ಪಕ್ಕದಲ್ಲಿ ಎರಡು ದಿನ ಕೂತಿದ್ದರು. ಇಬ್ಬರ ನಡುವೆ ಏನು ಮಾತಾಯಿತೋ, ಆಯಿತೋ ಇಲ್ಲವೋ, ಕೇಳಲಿಲ್ಲ ನಾನು.

ನಾನು ಮೂರನೆಯ ದಿನ ಹೋದೆ. ಹುಡುಗಿಗೆ ಎಚ್ಚರ ಇರಲಿಲ್ಲ. ಅಂಗೈ ಅರಿಶಿನ ಹಚ್ಚಿದಂತೆ ಇತ್ತು. ಭಾಭಿ ತಲೆಯ ಕಡೆ ಕೂತು ತುಟಿಯಲ್ಲೇ ಏನೋ ಓದುತ್ತಿದ್ದಳು, ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ನಾನು ಕೂತೆ. ಹೇಳಬೇಕಾದದ್ದನ್ನು ಹೇಳದೆ ಎದ್ದು ಬಂದೆ. ಮರುದಿನ ಮಧ್ಯಾಹ್ನ, ನಾನು ಕಮಲಾಪುರದಲ್ಲಿ ಒಂಬತ್ತನೇ ತರಗತಿಗೆ ಪತ್ರಲೇಖನ ಪಾಠ ಮಾಡುವಾಗ, ಫೋನು ಬಂತು. ಮಗು ಹೊಟ್ಟೆಯಲ್ಲೇ ಹೋಗಿತ್ತು, ತಾಯಿ ಅದರ ಹಿಂದೆ ಹೋದಳು. ಇಪ್ಪತ್ನಾಲ್ಕು ವರ್ಷ ಅವಳಿಗೆ.

ಮಯ್ಯತ್ತು ಓಣಿಯಿಂದ ಹೊರಟಾಗ ಹದಿನಾಲ್ಕು ಮನೆಯ ಗಂಡಸರೂ ಹೆಗಲು ಕೊಟ್ಟರು. ನನ್ನ ಗಂಡ ಕಬರಸ್ತಾನದಿಂದ ಬಂದವರು ಕೈಯ ಮಣ್ಣು ತೊಳೆಯದೆ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದರು. ಪ್ಲಾಸ್ಟಿಕ್ ಕುರ್ಚಿಗಳನ್ನು ಮರುದಿನ ಒಳಗೆ ತಂದರು. ಗಂಡಸರ ಜಗಳ ಅಲ್ಲಿಗೆ ಮುಗಿಯಿತು. ಜಗಳ ಅವರನ್ನು ಒಡೆದಷ್ಟೇ ಸಲೀಸಾಗಿ ಸಾವು ಒಂದಾಗಿಸಿತು, ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಅವರ ಮೇಲಿನ ಸಿಟ್ಟಿನಲ್ಲಿ ನನ್ನ ಪಾಲು ಕರಗುವುದಿಲ್ಲ.

ನಲವತ್ತು ದಿನ ಮುಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಭಾಭಿ ನಮ್ಮ ಮನೆಗೆ ಬಂದಳು. ಹುಡುಗಿ ಕೂರುತ್ತಿದ್ದ ಹೊಸ್ತಿಲಲ್ಲೇ ಕೂತಳು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಕುಪ್ಪಸದಿಂದ ಮಡಚಿದ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. ಬಿಚ್ಚಿ ನೋಡಿದೆ. ದುಂಡನೆಯ ಅಕ್ಷರ, ವಿಷಯದ ಕೆಳಗೆ ಒಂದು ಗೆರೆ. ಕುಡಿಯುವ ನೀರಿನ ಪೈಪನ್ನು ಗಟಾರದಿಂದ ಬೇರ್ಪಡಿಸುವ ಕುರಿತು. ಯಾವ ಅನುದಾನದ ಹೆಸರೂ ಇರಲಿಲ್ಲ, ಯಾವ ಮುಖಂಡನ ಹೆಸರೂ ಇರಲಿಲ್ಲ. ಕೆಳಗೆ ಸಹಿಗೆ ಒಂದರಿಂದ ಹದಿನಾಲ್ಕರವರೆಗೆ ಅಂಕಿ ಹಾಕಿ ಜಾಗ ಬಿಟ್ಟಿದ್ದಳು.

"ಅವತ್ತ ನಿಮಗ ತೋರಸ್ಬೇಕಂತ ಗೇಟಿನಾಗ ನಿಂತಿದ್ಳು," ಭಾಭಿ ಹೇಳಿದಳು. "ಮಿಸ್ ತಿದ್ದಿ ಕೊಡ್ತಾರ, ಆಮ್ಯಾಲ ಎಲ್ಲಾರ ಮನಿಗಿ ನಾನೇ ಹೋಗಿ ಸಹಿ ತರ್ತೀನಿ ಅಂತಿದ್ಳು. ಈಗ ನೀವು ಬರೀರಿ."

ನಾನು ಹೊಸ ಹಾಳೆ ತೆಗೆದು ಬರೆಯಲು ಕೂತೆ. ತಿದ್ದಲು ಏನೂ ಇರಲಿಲ್ಲ, ಒಂದು ಕೊಂಬು, ಒಂದು ದೀರ್ಘ ಸಹ ತಪ್ಪಿರಲಿಲ್ಲ. ಇದ್ದದ್ದನ್ನು ಇದ್ದಂತೆ ನಕಲು ಮಾಡುತ್ತಾ ಹೋದೆ. ಎರಡು ಹಾಳೆ ಕೆಟ್ಟವು. ಮೂರನೆಯದು ಮುಗಿದ ಮೇಲೆ ಭಾಭಿ ಗೋಡೆಯ ಕಡೆ ನೋಡಿಕೊಂಡು ಕೇಳಿದಳು:

"ಆ ಚೀಲದಾಗ ಪುಸ್ತಕ ಇರಲಿಲ್ಲಲ್ರೀ?"

ನಾನು ಸುಳ್ಳು ಹೇಳಬಹುದಿತ್ತು. "ಇರಲಿಲ್ಲ. ನೀರಿತ್ತು," ಅಂದೆ.

ಭಾಭಿ ತಲೆ ಆಡಿಸಿದಳು. ಯಾರದೋ ಮನೆಯ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು. ಆ ದಿನಗಳಲ್ಲಿ ಮಗಳು ನೀರು ವಾಸನೆ ಬರ್ತಾದ ಎಂದು ಎರಡು ಮೂರು ಸಲ ಹೇಳಿದ್ದಳಂತೆ. ಅವರ ಮನೆಯಲ್ಲಿ ನಳದ ನೀರು ನೆಲದ ಟಾಕಿಗೆ ಬಿದ್ದು ಹಳೆಯ ನೀರಿನ ಜೊತೆ ಬೆರೆಯುತ್ತಿತ್ತು, ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸುರಿಗೆ ಎಲ್ಲಾ ವಾಸನೆಯೇ, ಸುಮ್ಮನೆ ಕುಡಿ ಎಂದು ಭಾಭಿ ಗದರಿದ್ದಳಂತೆ. ನನ್ನ ಚೀಲದಿಂದ ನೀರು ತೊಟ್ಟಿಕ್ಕಿದ್ದನ್ನೂ ಹುಡುಗಿ ನೋಡಿದ್ದಳು. ಆ ಸಂಜೆ ಒಳಗೆ ಹೋಗಿ ಅಮ್ಮನಿಗೆ ಹೇಳಿದ್ದಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಿದ್ದಳು.

"ಏನಂದ್ಳು ಗೊತ್ತದೇನ್ರಿ? ನೀರು ಕೆಟ್ಟಿದ್ರ ಮಿಸ್ ಗೋಡಿ ಬಡೀತಿದ್ರು ಅಮ್ಮಿ, ಅಂದ್ಳು. ಅಂದು, ಒಂದು ಗಿಲಾಸ್ ಕುಡುದ್ಳು."

ಭಾಭಿ ಅರ್ಜಿ ತೆಗೆದುಕೊಂಡಳು. ನನ್ನ ಪೆನ್ನು ಕೇಳಿ ಪಡೆದು, ಒಂದನೆಯ ಅಂಕಿಯ ಮುಂದೆ ತನ್ನ ಸಹಿ ಹಾಕಿದಳು, ಉರ್ದುವಿನಲ್ಲಿ. ಎರಡನೆಯದರ ಮುಂದೆ ಬೆರಳಿಟ್ಟು ತೋರಿಸಿದಳು. ನಾನು ಹಾಕಿದೆ. ಬೈದಿದ್ದರೆ, ಕೂಗಿದ್ದರೆ, ಆ ಕುಟ್ಟಾಣಿ ಎತ್ತಿ ನನ್ನ ಮೇಲೆ ಎಸೆದಿದ್ದರೆ ನನಗೆ ಉಸಿರಾಡಲು ಬರುತ್ತಿತ್ತು. ಉಳಿದ ಹನ್ನೆರಡು ಮನೆಗೆ ಒಬ್ಬಳೇ ಹೋಗಿ ಸಂಜೆಯೊಳಗೆ ಸಹಿ ಮುಗಿಸಿದಳು.

ಪೈಪು ಬಂತು. ಸಾವಿನ ಸುದ್ದಿ ಕೇಳಿ ಪೇಪರಿನವರು ಬಂದು ಹೋಗಿದ್ದರಿಂದಲೋ, ಅರ್ಜಿಯಿಂದಲೋ, ಒಂದು ತಿಂಗಳಲ್ಲಿ ರಸ್ತೆ ಅಗೆದು ಹೊಸ ಪೈಪು ಹಾಕಿದರು. ಯಾವ ಅನುದಾನ ಎಂದು ಯಾರೂ ಕೇಳಲಿಲ್ಲ. ಕಲ್ಲು ಯಾರೂ ನೆಡಲಿಲ್ಲ. ಬೆಂಚು ಈಗಲೂ ಬೇವಿನ ಮರದ ಕೆಳಗಿದೆ, ಸಂಜೆ ಐದಕ್ಕೆ ಮಿಸ್ತ್ರಿ ಮತ್ತು ನನ್ನ ಗಂಡ ಪಕ್ಕಪಕ್ಕದಲ್ಲಿ ಕೂರುತ್ತಾರೆ. ಮೊದಲು ಕೆಲವು ತಿಂಗಳು ಪೇಪರ್ ಬಿಚ್ಚುತ್ತಿರಲಿಲ್ಲ. ಈಗ ಮತ್ತೆ ಬಿಚ್ಚುತ್ತಾರೆ. ದಿಲ್ಲಿಯ ಮಾತು ಮತ್ತೆ ಕೇಳಿಬರುತ್ತದೆ, ದನಿ ಮಾತ್ರ ಮೊದಲಿನಷ್ಟು ಏರುವುದಿಲ್ಲ. ಶನಿವಾರ ಕಮಲಾಪುರದಲ್ಲಿ ಬಾಳೆಹಣ್ಣಿನ ಬುಟ್ಟಿಗಳ ಮುಂದಿನಿಂದ ಹೋಗುವುದು ಬೇಡವೆಂದು ನಾನು ಬಸ್ಸಿಗೆ ಹಿಂದಿನ ದಾರಿ ಹಿಡಿಯುತ್ತೇನೆ.

ನೀರು ಈಗ ಸ್ವಚ್ಛವಾಗಿ ಬರುತ್ತದೆ, ಮೊದಲಿನಂತೆಯೇ ನಾಲ್ಕೈದು ದಿನಕ್ಕೊಮ್ಮೆ. ನೀರಿಗಾಗಿ ನಾನು ಎಲ್ಲರಿಗಿಂತ ಮೊದಲು ಏಳುತ್ತೇನೆ. ಕಂಡ ಕೂಡಲೇ ಕುಟ್ಟಾಣಿ ತೆಗೆದುಕೊಂಡು ಹೋಗಿ ಗೋಡೆಗೆ ಮೂರು ಸಲ ಬಡಿಯುತ್ತೇನೆ. ಆ ಕಡೆ ಭಾಭಿ ನಳ ತಿರುಗಿಸಿದ ಸಪ್ಪಳ ಕೇಳುತ್ತದೆ, ಟಾಕಿಗೆ ನೀರು ಬೀಳುವ ಸಪ್ಪಳ ಕೇಳುತ್ತದೆ. ತಿರುಗಿ ಒಂದು ಸಲ ಬಡಿಯುವಳೇನೋ ಎಂದು ನಾನು ಗೋಡೆಯ ಹತ್ತಿರವೇ ನಿಂತಿರುತ್ತೇನೆ. ನನ್ನ ಬೆನ್ನ ಹಿಂದೆ ಕೊಡ ತುಂಬಿ ನೀರು ಕಾಲಿಗೆ ಬರುವವರೆಗೂ ನಿಂತಿರುತ್ತೇನೆ. ಅವಳು ಬಡಿಯುವುದಿಲ್ಲ.